ಎರಡನೇ ಸಲ ನೋಡಿ, ಆಮೇಲೆ ಬರೆಯಿರಿ: ಸೀರೀಸ್, ಸೂಪರ್‌ಹೀರೋ ಸಿನಿಮಾಗಳ ಬಗ್ಗೆ ಬರೆಯುವ ಅಭಿಮಾನಿಗಳಿಗೆ ಸಮಗ್ರ ಮಾರ್ಗದರ್ಶಿ

2021ರ ಫೆಬ್ರವರಿಯಲ್ಲಿ ನಾನು ಮೂರು ಪುಟದ ಒಂದು ಥಿಯರಿ ಬರೆದಿದ್ದೆ. ‘ವಾಂಡಾವಿಷನ್’ ಸೀರೀಸ್‌ನಲ್ಲಿ ತೆರೆಯ ಹಿಂದೆ ನಿಂತು ಆಟ ಆಡಿಸುತ್ತಿರುವವನು ಮೆಫಿಸ್ಟೋ ಅಂತ. ಮಾರ್ವೆಲ್ ಕಾಮಿಕ್ಸ್‌ನ ಸೈತಾನ ಅವನು. ಸಾಕ್ಷಿ ಏನಿತ್ತು ಅಂದರೆ, ಎರಡನೇ ಎಪಿಸೋಡ್‌ನಲ್ಲಿ ಡಾಟಿ ಅನ್ನುವವಳು ‘ಸೈತಾನ ಇರುವುದೇ ಸಣ್ಣಪುಟ್ಟ ವಿವರಗಳಲ್ಲಿ’ ಅನ್ನುತ್ತಾಳೆ. ಪಕ್ಕದಲ್ಲಿರುವ ಆಗ್ನೆಸ್ ‘ಅವನು ಅಲ್ಲಿ ಮಾತ್ರ ಇಲ್ಲ’ ಅಂತ ಗೊಣಗುತ್ತಾಳೆ. ಜೊತೆಗೆ, ಕಾಮಿಕ್ಸ್‌ನಲ್ಲಿ ವಾಂಡಾಳ ಅವಳಿ ಮಕ್ಕಳಿಗೂ ಮೆಫಿಸ್ಟೋನ ಆತ್ಮಕ್ಕೂ ನಂಟಿದೆ. ನನಗೆ ಇಷ್ಟು ಸಾಕಾಯಿತು. ಪರದೆ ಮೇಲೆ ಒಂದು ಹುಳ ಹಾರಿದರೂ ಅದು ಮೆಫಿಸ್ಟೋ.

ಮಾರ್ಚ್ 5ಕ್ಕೆ ಒಂಬತ್ತನೆಯ, ಕೊನೆಯ ಎಪಿಸೋಡ್ ಬಂತು. ಮೆಫಿಸ್ಟೋ ಬರಲೇ ಇಲ್ಲ. ಈಗಲೂ ಕರೆಂಟ್ ಹೋದರೆ ಗೆಳೆಯರು ‘ನಿನ್ನ ಮೆಫಿಸ್ಟೋ ಕೆಲಸ ನೋಡು’ ಅನ್ನುತ್ತಾರೆ.

ಮುಖ ಉಳಿಸಿಕೊಳ್ಳೋಣ ಅಂತ ಇಡೀ ಸೀರೀಸನ್ನು ಇನ್ನೊಂದು ಸಲ ನೋಡಿದೆ. ಎಂಟನೇ ಎಪಿಸೋಡ್‌ನಲ್ಲಿ ವಾಂಡಾ ಕಾರು ನಿಲ್ಲಿಸಿ ಒಂದು ಖಾಲಿ ಸೈಟಿಗೆ ಬರುತ್ತಾಳೆ. ಕೈಯಲ್ಲಿ ಸೈಟಿನ ಕಾಗದ. ಅವಳ ಪ್ರಿಯಕರ ವಿಷನ್ ಸಾಯುವ ಮೊದಲು ಇಬ್ಬರಿಗೂ ಅಂತ ತೆಗೆದುಕೊಂಡಿದ್ದ ಜಾಗ ಅದು. ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಒಂದು ಹೃದಯ, ಜೊತೆಯಲ್ಲಿ ಮುದುಕರಾಗಲು ಅನ್ನುವ ಅರ್ಥದ ಒಂದು ಸಾಲು. ಒಂದು ಸೈಟಿನ ಮೇಲೆ ಎಷ್ಟು ಆಸೆ ಕೂತಿರುತ್ತದೆ ಅಂತ ನಮ್ಮವರಿಗೆ ಹೇಳಿಕೊಡಬೇಕಾ? ಆದರೆ ಮೊದಲ ಸಲ ಇದೇ ದೃಶ್ಯದಲ್ಲಿ ನಾನು ಏನು ಮಾಡಿದ್ದೆ ಗೊತ್ತಾ? ವಿಡಿಯೋ ನಿಲ್ಲಿಸಿ, ಆ ನಕ್ಷೆಯಲ್ಲಿ ಸೈತಾನನ ಗುರುತೇನಾದರೂ ಇದೆಯಾ ಅಂತ ಹುಡುಕಿದ್ದೆ.

ಆವತ್ತಿನಿಂದ ನಾನು ಬರೆಯುವ ರೀತಿ ಬದಲಾಯಿತು. ಆ ರೀತಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಉದಾಹರಣೆಗಳು ಹೆಚ್ಚಾಗಿ ‘ಗೇಮ್ ಆಫ್ ಥ್ರೋನ್ಸ್’ ಮತ್ತು ಮಾರ್ವೆಲ್‌ನಿಂದ. ಎರಡನ್ನೂ ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ, ಮತ್ತು ತುಂಬ ಜನರಿಗೆ ಗೊತ್ತಿರುವ ಕತೆಗಳು. ಇನ್ನೂ ನೋಡಿಲ್ಲದವರು ಇಲ್ಲೇ ನಿಲ್ಲಿಸಿ. ಮುಂದೆ ಗುಟ್ಟುಗಳೆಲ್ಲ ಬಯಲಾಗುತ್ತವೆ.

ಹೆಜ್ಜೆ 1: ನೋಡಿದವರಿಗಾ, ನೋಡದವರಿಗಾ?

ಇದನ್ನು ಪೆನ್ನು ಹಿಡಿಯುವ ಮೊದಲೇ ನಿರ್ಧರಿಸಿ. ನೋಡದವರಿಗೆ ಬರೆಯುವುದು ರಿವ್ಯೂ. ಹೋಗಬಹುದಾ, ಟೈಮ್ ವೇಸ್ಟಾ ಅಂತ ಹೇಳಿದರೆ ಮುಗಿಯಿತು. ನಾವು ಇಲ್ಲಿ ಮಾತಾಡುತ್ತಿರುವುದು ಈಗಾಗಲೇ ನೋಡಿದವರಿಗಾಗಿ ಬರೆಯುವುದರ ಬಗ್ಗೆ. ಇದು ತಾಳಮದ್ದಳೆಯ ಹಾಗೆ. ಕರ್ಣ ಸಾಯುತ್ತಾನೆ ಅಂತ ಎದುರು ಕೂತ ಪ್ರತಿಯೊಬ್ಬರಿಗೂ ಗೊತ್ತು. ಆದರೂ ರಾತ್ರಿಯಿಡೀ ಕೂರುತ್ತಾರೆ, ಅರ್ಥಧಾರಿ ಆ ಕರ್ಣನ ಬಾಯಲ್ಲಿ ಇವತ್ತು ಏನು ಹೇಳಿಸುತ್ತಾನೆ ಅಂತ ಕೇಳೋಕೆ. ಕತೆ ಹೇಳುವುದು ನಿಮ್ಮ ಕೆಲಸ ಅಲ್ಲ. ಅರ್ಥ ಹೇಳುವುದು ನಿಮ್ಮ ಕೆಲಸ.

ನೋಡಿದವರಿಗೇ ಬರೆದರೂ ಗುಟ್ಟು ನೋಡದವರ ಕಣ್ಣಿಗೆ ಬೀಳದ ಹಾಗೆ ಕಾಪಾಡಬೇಕು. ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸೀಸನ್ ಅಮೆರಿಕದಲ್ಲಿ ಭಾನುವಾರ ರಾತ್ರಿ ಬರುತ್ತಿದ್ದಾಗ ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಆರೂವರೆ. ಕೆಲವರು ಅಲಾರಾಂ ಇಟ್ಟು ನೋಡಿ ಆಫೀಸಿಗೆ ಹೋಗುತ್ತಿದ್ದರು, ಉಳಿದವರು ರಾತ್ರಿ ಮನೆಗೆ ಬಂದು. ಆ ಹನ್ನೆರಡು ಗಂಟೆಯಲ್ಲಿ ಎಷ್ಟು ಸ್ನೇಹ ಕೆಟ್ಟಿವೆಯೋ. ನನ್ನ ಲೆಕ್ಕ ಇಷ್ಟೇ: ತಲೆಬರಹದಲ್ಲಿ ಮತ್ತು ಚಿತ್ರದಲ್ಲಿ ಎಂದಿಗೂ ಗುಟ್ಟು ಬಿಡಬಾರದು. ಮೊದಲ ಸಾಲಲ್ಲೇ ಯಾವ ಎಪಿಸೋಡ್ ತನಕ ಮಾತಾಡುತ್ತೀರಿ ಅಂತ ಹೇಳಬೇಕು. ಸಿನಿಮಾ ಆದರೆ ಹತ್ತು ದಿನ ಕಾಯಬೇಕು. ಈ ಹತ್ತು ನಾನೇ ಹುಟ್ಟಿಸಿದ್ದಲ್ಲ. ‘ಅವೆಂಜರ್ಸ್: ಎಂಡ್‌ಗೇಮ್’ 2019ರ ಏಪ್ರಿಲ್ 26ಕ್ಕೆ ಬಂದಾಗ, ಇನ್ನು ಮಾತಾಡಬಹುದು ಅಂತ ನಿರ್ದೇಶಕರಾದ ರುಸ್ಸೋ ಸಹೋದರರು ಕೊಟ್ಟ ದಿನ ಮೇ 6.

ಹೆಜ್ಜೆ 2: ಮೊದಲ ಸಲ ಸುಮ್ನೆ ನೋಡಿ

ಫೋನ್ ಇನ್ನೊಂದು ರೂಮಿನಲ್ಲಿಡಿ. ನೋಟ್ಸ್ ಬೇಡ, ನಿಲ್ಲಿಸುವುದು ಬೇಡ. ಅಳು ಬಂದರೆ ಅಳಿ.

ಮುಗಿದ ತಕ್ಷಣ, ಯಾರ ಜೊತೆಯೂ ಮಾತಾಡುವ ಮೊದಲು, ಐದು ಸಾಲು ಬರೆಯಿರಿ. ಕತೆ ಅಲ್ಲ. ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಬೋರಾಯಿತು, ಎಲ್ಲಿ ಅರ್ಥ ಆಗಲಿಲ್ಲ. ಈ ಐದು ಸಾಲು ಬಂಗಾರ. ಅರ್ಧ ಗಂಟೆ ಬಿಟ್ಟು ಬೇರೆಯವರ ಅಭಿಪ್ರಾಯ ಓದಿದಿರೋ, ನಿಮ್ಮ ಅಭಿಪ್ರಾಯ ಯಾವುದು, ಅವರದ್ದು ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಹೆಜ್ಜೆ 3: ಎರಡನೇ ಸಲ ನೋಟ್‌ಬುಕ್ ಹಿಡಿದು ಕೂರಿ

ಎಲ್ಲಾ ಇರುವುದು ಇಲ್ಲೇ. ಅರವತ್ತು ನಿಮಿಷದ ಎಪಿಸೋಡ್‌ಗೆ ನನಗೆ ಎರಡೂವರೆ ಗಂಟೆ ಬೇಕು. ಸಬ್‌ಟೈಟಲ್ ಹಾಕಿಕೊಳ್ಳುತ್ತೇನೆ, ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ಪುಟದ ಎಡಗಡೆ ಸಮಯ, ನಡುವೆ ಕಂಡಿದ್ದು, ಬಲಗಡೆ ಕೇಳಿಸಿದ್ದು. ನನ್ನ ಅಭಿಪ್ರಾಯಕ್ಕೆ ಈ ಪುಟದಲ್ಲಿ ಜಾಗ ಇಲ್ಲ. ‘ಭಯಂಕರವಾಗಿತ್ತು’ ಅಂತ ಬರೆಯೋ ಹಾಗಿಲ್ಲ. ‘ಬಾಗಿಲು ಮುಚ್ಚಿತು’ ಅಂತ ಬರೆಯಬೇಕು.

ಬಾಗಿಲು ಅಂದೆನಲ್ಲ, ಅದನ್ನೇ ತೋರಿಸುತ್ತೇನೆ. ‘ಗೇಮ್ ಆಫ್ ಥ್ರೋನ್ಸ್’ ಮೂರನೇ ಸೀಸನ್‌ನ ಒಂಬತ್ತನೇ ಎಪಿಸೋಡ್, 2013ರ ಜೂನ್ 2ರಂದು ಬಂದಿದ್ದು. ಜನ ‘ರೆಡ್ ವೆಡ್ಡಿಂಗ್’ ಅಂತ ಕರೆಯುವ ಮದುವೆ. ಮೊದಲ ಸಲ ನೋಡಿದಾಗ ನನ್ನ ಐದು ಸಾಲಲ್ಲಿ ಇದ್ದದ್ದು ಒಂದೇ ಸಾಲು: ‘ಇದ್ದಕ್ಕಿದ್ದಂತೆ ಎಲ್ಲರನ್ನೂ ಕೊಂದುಬಿಟ್ಟರು’. ಎರಡನೇ ಸಲ ಗೊತ್ತಾಯಿತು, ಇದ್ದಕ್ಕಿದ್ದಂತೆ ಏನೂ ಆಗಿಲ್ಲ.

ಎಪಿಸೋಡ್ ಶುರುವಿನಲ್ಲೇ ಮದುವೆ ಮನೆಯ ಯಜಮಾನ ವಾಲ್ಡರ್ ಫ್ರೇ ಬಂದ ಅತಿಥಿಗಳಿಗೆ ರೊಟ್ಟಿ, ಉಪ್ಪು ಕೊಡುತ್ತಾನೆ. ಅಲ್ಲಿನ ಪದ್ಧತಿಯಂತೆ ಅದನ್ನು ತಿಂದ ಮೇಲೆ ಅತಿಥಿಗೆ ಆ ಸೂರಿನಡಿ ಯಾರೂ ಕೈ ಮಾಡುವಂತಿಲ್ಲ. ನಾವು ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತೇವೆ. ಇಲ್ಲಿ ಉಣ್ಣಿಸಿದವನೇ ಬಗೆಯುತ್ತಾನೆ. ಊಟ ಆಗುತ್ತದೆ, ಕುಡಿತ ಆಗುತ್ತದೆ, ಮದುಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ. ಗಲಾಟೆ ಕಡಿಮೆ ಆಗುತ್ತದೆ. ಒಬ್ಬ ಹೋಗಿ ಬಾಗಿಲು ಮುಚ್ಚುತ್ತಾನೆ. ಅದನ್ನು ಗಮನಿಸುವವಳು ಕ್ಯಾಟ್ಲಿನ್ ಸ್ಟಾರ್ಕ್. ಮೇಲೆ ಕೂತ ವಾದ್ಯದವರು ಹಾಡು ಬದಲಿಸುತ್ತಾರೆ. ಅವಳ ಮುಖದ ನಗು ಇಳಿಯುತ್ತದೆ. ಯಾಕೆಂದರೆ ಅದು ಶತ್ರು ಮನೆತನವಾದ ಲ್ಯಾನಿಸ್ಟರ್‌ಗಳ ಹಾಡು. ಪಕ್ಕದಲ್ಲಿ ಕೂತ ತಮ್ಮ ಕಡೆಯವನೇ ಆದ ರೂಸ್ ಬೋಲ್ಟನ್‌ನ ತೋಳಿನತ್ತ ಅವಳ ಕಣ್ಣು ಹೋಗುತ್ತದೆ. ಅಂಗಿಯ ತೋಳು ಎತ್ತುತ್ತಾಳೆ. ಒಳಗೆ ಕಬ್ಬಿಣದ ಬಳೆಗಳ ಕವಚ. ಮದುವೆ ಊಟಕ್ಕೆ ಯಾರಾದರೂ ಕವಚ ಹಾಕಿಕೊಂಡು ಬರುತ್ತಾರಾ?

ಬಾಗಿಲು, ಹಾಡು, ತೋಳು. ಕಣ್ಣು, ಕಿವಿ, ಕೈ. ಒಬ್ಬ ತಾಯಿಗೆ ವಿಷಯ ಗೊತ್ತಾಗುವುದು ಈ ಮೂರು ಮೆಟ್ಟಿಲಲ್ಲಿ. ಮಗ ರಾಬ್ ಅಷ್ಟು ಹೊತ್ತೂ ಹೆಂಡತಿ ಜೊತೆ ನಗುತ್ತಿದ್ದಾನೆ. ನೋಡುವ ನಾವು ತಾಯಿ ಜೊತೆ ಇದ್ದೇವೆ, ಮಗನ ಜೊತೆ ಇಲ್ಲ. ಹೊಟ್ಟೆಯಲ್ಲಿ ಸಂಕಟ ಆಗುವುದು ಅದಕ್ಕೇ. ಕೊನೆಯಲ್ಲಿ ಹೆಸರುಗಳು ಬರುವಾಗ ಸಂಗೀತವೇ ಇಲ್ಲ, ಪೂರ್ತಿ ಮೌನ. ಬಲಗಡೆ ಕಾಲಂನಲ್ಲಿ ‘ಏನೂ ಇಲ್ಲ’ ಅಂತ ಬರೆಯಬೇಕಾಗಿ ಬಂದಾಗಲೇ ನನಗೆ ಅದು ಹೊಳೆದದ್ದು.

ಒಂದು ಮಾತು. ಮೂರು ಗಂಟೆಯ ಸಿನಿಮಾ ಆದರೆ ಇಡೀ ಸಿನಿಮಾಗೆ ಹೀಗೆ ಮಾಡಬೇಡಿ, ಹುಚ್ಚು ಹಿಡಿಯುತ್ತದೆ. ‘ಎಂಡ್‌ಗೇಮ್’ 181 ನಿಮಿಷ ಇದೆ. ನಿಮ್ಮ ಐದು ಸಾಲಲ್ಲಿ ಬಂದ ದೃಶ್ಯಗಳನ್ನು ಮಾತ್ರ ಹೀಗೆ ಬಿಡಿಸಿ ನೋಡಿ.

ಹೆಜ್ಜೆ 4: ಒಂದೇ ಪ್ರಶ್ನೆ ಇಟ್ಟುಕೊಳ್ಳಿ

‘ಈ ಎಪಿಸೋಡ್ ಹೇಗಿತ್ತು?’ ಪ್ರಶ್ನೆ ಅಲ್ಲ, ಕುಶಲೋಪರಿ. ‘ಕ್ಯಾಟ್ಲಿನ್‌ಗೆ ಯಾವ ಕ್ಷಣದಲ್ಲಿ ಗೊತ್ತಾಯಿತು?’ ಇದು ಪ್ರಶ್ನೆ. ಇದಕ್ಕೆ ಪರದೆ ಮೇಲೆ ಉತ್ತರ ಇದೆ, ಅದರ ಬಗ್ಗೆ ಇಬ್ಬರು ಜಗಳ ಆಡಬಹುದು, ಎಂಟುನೂರು ಪದದಲ್ಲಿ ಮುಗಿಸಬಹುದು. ನಿಮ್ಮ ಪ್ರಶ್ನೆಯಲ್ಲಿ ಒಂದು ಪಾತ್ರದ ಹೆಸರು ಮತ್ತು ಒಂದು ಜಾಗವೋ ಕ್ಷಣವೋ ಇಲ್ಲದಿದ್ದರೆ ಇನ್ನೂ ಸಣ್ಣದು ಮಾಡಿ.

ಉಳಿದ ನೋಟ್ಸ್ ಎಲ್ಲ ಹಾಳಾಗುತ್ತಲ್ಲ ಅಂತ ಅನ್ನಿಸುತ್ತದೆ. ಆಗಲಿ ಬಿಡಿ. ಒಂದು ಎಪಿಸೋಡ್‌ನಿಂದ ನಾಲ್ಕು ಬರಹ ಬಂದರೆ ಯಾರಿಗೆ ನಷ್ಟ?

ಹೆಜ್ಜೆ 5: ಹಿಂದಕ್ಕೆ ನಡೆಯಿರಿ

ಪ್ರಶ್ನೆ ಸಿಕ್ಕಿದ ಮೇಲೆ ಹಳೆಯ ಎಪಿಸೋಡ್‌ಗಳಿಗೆ, ಹಳೆಯ ಸಿನಿಮಾಗಳಿಗೆ ಹೋಗಬೇಕು. ಎಲ್ಲಿ ಬಿತ್ತಿದ್ದರು, ಎಲ್ಲಿ ಕೊಯ್ದರು ಅಂತ ನೋಡಬೇಕು. ಇಂಗ್ಲಿಷಿನವರು ಇದಕ್ಕೆ ಸೆಟಪ್, ಪೇ-ಆಫ್ ಅನ್ನುತ್ತಾರೆ. ನಾನು ಬಿತ್ತನೆ, ಕಟಾವು ಅಂತಲೇ ಬರೆಯುತ್ತೇನೆ. ಹೊಲದ ಮಾತಾದರೆ ಮಧ್ಯದಲ್ಲಿ ಕಾಯಬೇಕು ಅನ್ನುವುದೂ ಅದರಲ್ಲೇ ಬಂದುಬಿಡುತ್ತದೆ.

ಮದುವೆಯ ಆ ಹಾಡನ್ನೇ ತೆಗೆದುಕೊಳ್ಳಿ. ಅದು ಲ್ಯಾನಿಸ್ಟರ್ ಹಾಡು ಅಂತ ನಮಗೆ ಹೇಗೆ ಗೊತ್ತು? ಎರಡನೇ ಸೀಸನ್‌ನಲ್ಲಿ ಆ ಮನೆತನದ ಟಿರಿಯನ್ ಅದನ್ನು ಶಿಳ್ಳೆ ಹಾಕುತ್ತಾನೆ. ಅದೇ ಸೀಸನ್‌ನ ಒಂಬತ್ತನೇ ಎಪಿಸೋಡ್‌ನಲ್ಲಿ, ಯುದ್ಧದ ಹಿಂದಿನ ಗಳಿಗೆಯಲ್ಲಿ, ಅವನ ಬಂಟ ಬ್ರಾನ್ ಮತ್ತು ಸೈನಿಕರು ಕುಡಿದು ಹಾಡುತ್ತಾರೆ. ಇನ್ನು ಮದುವೆಗೆ ಸರಿಯಾಗಿ ಒಂದು ಎಪಿಸೋಡ್ ಮುಂಚೆ ಟಿರಿಯನ್‌ನ ಅಕ್ಕ ಸೆರ್ಸಿ ಆ ಹಾಡಿನ ಹಿಂದಿನ ಕತೆಯನ್ನೇ ಮಾರ್ಜರಿಗೆ ಹೇಳುತ್ತಾಳೆ: ಎದುರು ನಿಂತ ರೇನ್ ಮನೆತನವನ್ನು ತನ್ನ ಅಪ್ಪ ಹೇಗೆ ನಿರ್ವಂಶ ಮಾಡಿದ ಅಂತ. ಅದೂ ಎಲ್ಲಿ? ಇನ್ನೊಂದು ಮದುವೆ ಮನೆಯಲ್ಲಿ. ಪಾಠ ಹೇಳಿಕೊಟ್ಟು ಮುಂದಿನ ಎಪಿಸೋಡ್‌ನಲ್ಲೇ ಪರೀಕ್ಷೆ ಇಟ್ಟಿದ್ದಾರೆ.

ಮಾರ್ವೆಲ್‌ನಲ್ಲಿ ಈ ಹಿಂದಕ್ಕೆ ನಡೆಯುವ ಆಟ ಇನ್ನೂ ಮಜಾ, ಯಾಕೆಂದರೆ ಬಿತ್ತನೆಗೂ ಕಟಾವಿಗೂ ಮಧ್ಯೆ ವರ್ಷಗಟ್ಟಲೆ ಇರುತ್ತದೆ. 2015ರ ‘ಏಜ್ ಆಫ್ ಅಲ್ಟ್ರಾನ್’ನಲ್ಲಿ ಒಂದು ಪಾರ್ಟಿ ದೃಶ್ಯ. ಯೋಗ್ಯತೆ ಇದ್ದವರು ಮಾತ್ರ ಎತ್ತಬಲ್ಲ ಥಾರ್‌ನ ಸುತ್ತಿಗೆ ಮೇಜಿನ ಮೇಲಿದೆ. ಒಬ್ಬೊಬ್ಬರೇ ಎತ್ತಲು ನೋಡಿ ಸೋಲುತ್ತಾರೆ. ಕ್ಯಾಪ್ಟನ್ ಅಮೆರಿಕ ಆದ ಸ್ಟೀವ್ ರೋಜರ್ಸ್ ಹಿಡಿ ಹಿಡಿದು ಎಳೆದಾಗ ಸುತ್ತಿಗೆ ಕೂದಲೆಳೆಯಷ್ಟು ಅಲುಗುತ್ತದೆ. ಕ್ಯಾಮೆರಾ ಥಾರ್ ಮುಖಕ್ಕೆ ಹೋಗುತ್ತದೆ. ನಗು ಮಾಯ. ಸ್ಟೀವ್ ಕೈ ಬಿಟ್ಟ ಮೇಲೆ ಮತ್ತೆ ನಗು. ಎಲ್ಲ ಸೇರಿ ಕೆಲವೇ ಸೆಕೆಂಡು. ಆಮೇಲೆ 2019ರಲ್ಲಿ, ‘ಎಂಡ್‌ಗೇಮ್’ನ ಕೊನೆಯ ಕಾಳಗದಲ್ಲಿ, ಖಳನಾಯಕ ಥಾನೋಸ್ ಥಾರ್‌ನನ್ನು ಒತ್ತಿ ಹಿಡಿದಿರುವಾಗ ಸುತ್ತಿಗೆ ಹಾರಿಬಂದು ಥಾನೋಸ್‌ಗೆ ಬಡಿಯುತ್ತದೆ, ತಿರುಗಿ ಹೋಗಿ ಸ್ಟೀವ್ ಕೈ ಸೇರುತ್ತದೆ. ಥಾರ್ ‘ನನಗೆ ಗೊತ್ತಿತ್ತು!’ ಅಂತ ಕೂಗುತ್ತಾನೆ. ಬರೀ ಈ ದೃಶ್ಯ ನೋಡಿ ಬರೆದರೆ ನಿಮ್ಮ ಬರಹ ಸ್ಟೀವ್ ಬಗ್ಗೆ ಆಗುತ್ತದೆ. ನಾಲ್ಕು ವರ್ಷ ಹಿಂದಕ್ಕೆ ನಡೆದು ಬರೆದರೆ ಅದು ಥಾರ್ ಬಗ್ಗೆ ಆಗುತ್ತದೆ. ಆವತ್ತು ಯಾರಾದರೂ ಎತ್ತಿಬಿಟ್ಟರೆ ಅಂತ ಹೆದರಿದವನು ಇವತ್ತು ಎತ್ತಿದ್ದಕ್ಕೆ ಕುಣಿಯುತ್ತಾನೆ. ಬೆಳೆದವನು ಅವನು.

ಕಿವಿಯಿಂದಲೂ ಹಿಂದಕ್ಕೆ ನಡೆಯಬಹುದು. ‘ಎಂಡ್‌ಗೇಮ್’ ಮುಗಿದಾಗ ಎಂದಿನ ಹಾಗೆ ಕೊನೆಯ ತುಣುಕು ದೃಶ್ಯ ಬರುತ್ತದೆ ಅಂತ ಥಿಯೇಟರಿನಲ್ಲಿ ಕಾದೆವು. ಬರಲಿಲ್ಲ. ಟಣ್, ಟಣ್ ಅಂತ ಲೋಹ ಬಡಿಯುವ ಸದ್ದು ಮಾತ್ರ ಕೇಳಿಸಿತು. ಅದು 2008ರ ‘ಐರನ್ ಮ್ಯಾನ್’ನಲ್ಲಿ ಟೋನಿ ಸ್ಟಾರ್ಕ್ ಗುಹೆಯೊಳಗೆ ಕೂತು ಮೊದಲ ಕವಚ ಬಡಿಯುವ ಸದ್ದು. ಆಗಲೇ ಎದ್ದುಹೋದವರೇ ಜಾಸ್ತಿ.

ಹೆಜ್ಜೆ 6: ಕಂಡಿದ್ದು, ಕೇಳಿದ್ದು, ಊಹಿಸಿದ್ದು

ಬರೆಯಲು ಕೂರುವ ಮೊದಲು ನೋಟ್ಸ್ ಮೇಲೆ ಗುರುತು ಹಾಕಿ. ನಾನು ನಾಲ್ಕು ಬಣ್ಣದ ಪೆನ್ಸಿಲ್ ಬಳಸುತ್ತೇನೆ. ಪರದೆ ಮೇಲೆ ಕಂಡಿದ್ದು ಒಂದು ಬಣ್ಣ. ಪಾತ್ರ ಬಾಯಲ್ಲಿ ಹೇಳಿದ್ದು ಇನ್ನೊಂದು, ಯಾಕೆಂದರೆ ಪಾತ್ರಗಳು ಸುಳ್ಳು ಹೇಳುತ್ತವೆ. ಮಾಡಿದವರು ಸಂದರ್ಶನದಲ್ಲಿ ಹೇಳಿದ್ದು ಮೂರನೆಯದು. ನನ್ನ ಊಹೆ ನಾಲ್ಕನೆಯದು. ಬರಹದಲ್ಲಿ ಈ ನಾಲ್ಕು ಬೇರೆ ಬೇರೆಯಾಗಿ ಕಾಣಿಸಬೇಕು.

ಮೂರನೆಯ ಬಣ್ಣದ ಬಗ್ಗೆ ಸ್ವಲ್ಪ ಹುಷಾರು. ಸ್ಟೀವ್‌ಗೆ 2015ರಲ್ಲೇ ಸುತ್ತಿಗೆ ಎತ್ತುವ ಯೋಗ್ಯತೆ ಇತ್ತು, ಥಾರ್‌ಗೆ ಬೇಜಾರಾಗಬಾರದು ಅಂತ ಬಿಟ್ಟ ಅನ್ನುವುದು ರುಸ್ಸೋಗಳ ಅಭಿಪ್ರಾಯ. ಚೆನ್ನಾಗಿದೆ. ಆದರೆ ‘ಏಜ್ ಆಫ್ ಅಲ್ಟ್ರಾನ್’ ನಿರ್ದೇಶಿಸಿದ್ದು ಅವರಲ್ಲ, ಜಾಸ್ ವೀಡನ್. ಇನ್ನೊಂದು: ‘ಎಂಡ್‌ಗೇಮ್’ ಕೊನೆಯಲ್ಲಿ ಸ್ಟೀವ್ ಹಿಂದಿನ ಕಾಲಕ್ಕೆ ಹೋಗಿ ತನ್ನ ಹಳೆಯ ಪ್ರೇಯಸಿ ಪೆಗ್ಗಿ ಜೊತೆ ಬಾಳಿ ಮುದುಕನಾಗುತ್ತಾನಲ್ಲ, ಅವನು ಬಾಳಿದ್ದು ಇದೇ ಲೋಕದಲ್ಲಾ, ಕವಲೊಡೆದ ಬೇರೆ ಲೋಕದಲ್ಲಾ? ಬೇರೆ ಲೋಕ ಅಂದರು ನಿರ್ದೇಶಕರು. ಇದೇ ಲೋಕ ಅಂದರು ಚಿತ್ರಕತೆ ಬರೆದ ಮಾರ್ಕಸ್ ಮತ್ತು ಮೆಕ್‌ಫೀಲಿ. ಒಂದೇ ಸಿನಿಮಾ ಮಾಡಿದವರೇ ಒಪ್ಪುವುದಿಲ್ಲ! ಹಾಗಾಗಿ ‘ನಿರ್ದೇಶಕರೇ ಹೇಳಿದ್ದಾರೆ’ ಅಂತ ಬರೆದು ಚರ್ಚೆ ಮುಗಿಸಬೇಡಿ. ‘ಪರದೆ ಮೇಲೆ ಇಷ್ಟಿದೆ, ಅವರು ಹೀಗನ್ನುತ್ತಾರೆ’ ಅಂತ ಬರೆಯಿರಿ.

ಹೆಜ್ಜೆ 7: ಥಿಯರಿ ಕಟ್ಟುವುದಿದ್ದರೆ

ಬರಹಕ್ಕೆ ಥಿಯರಿ ಇರಲೇಬೇಕು ಅಂತೇನಿಲ್ಲ. ಇದ್ದರೆ, ಚೆನ್ನಾಗಿ ಕಟ್ಟಿದ ಥಿಯರಿ ಹೇಗಿರುತ್ತದೆ ಅಂತ ಒಂದನ್ನು ನೋಡಿ. ಜಾನ್ ಸ್ನೋ ನೆಡ್ ಸ್ಟಾರ್ಕ್‌ನ ಮಗ ಅಲ್ಲ, ನೆಡ್‌ನ ತಂಗಿ ಲಿಯಾನಾ ಮತ್ತು ರೇಗರ್ ಟಾರ್ಗೇರಿಯನ್‌ರ ಮಗ ಅನ್ನುವುದು. ‘ಗೇಮ್ ಆಫ್ ಥ್ರೋನ್ಸ್’ಗೆ ಮೂಲವಾದ ಕಾದಂಬರಿಗಳಲ್ಲಿ ಮೊದಲನೆಯದು ಬಂದದ್ದು 1996ರಲ್ಲಿ. ಅದನ್ನು ಓದಿದವರು ಕೆಲವೇ ಕಾಲದಲ್ಲಿ ಇದನ್ನು ಹೇಳತೊಡಗಿದರು. ಟಿವಿಯಲ್ಲಿ ಖಚಿತ ಆಗಿದ್ದು ಆರನೇ ಸೀಸನ್‌ನ ಕೊನೆಯ ಎಪಿಸೋಡ್‌ನಲ್ಲಿ, 2016ರ ಜೂನ್‌ನಲ್ಲಿ.

ಅದು ಯಾಕೆ ನಿಂತಿತು? ಕತೆಯಲ್ಲಿದ್ದ ಒಂದು ನಿಜವಾದ ಕಗ್ಗಂಟಿಗೆ ಅದು ಉತ್ತರ ಕೊಡುತ್ತಿತ್ತು. ನೆಡ್ ಪ್ರಾಮಾಣಿಕತೆಗೆ ಹೆಸರಾದವನು. ಅಂಥವನು ಹೆಂಡತಿಗೆ ಮೋಸ ಮಾಡಿ ಮಗು ತಂದನಾ? ಮಗುವಿನ ತಾಯಿ ಯಾರು ಅಂತ ಯಾಕೆ ಬಾಯಿ ಬಿಡುವುದಿಲ್ಲ? ಸಾಯುವ ತಂಗಿ ಅವನಿಂದ ಏನೋ ಮಾತು ತೆಗೆದುಕೊಂಡಳು, ಏನು ಅದು? ಮೂರಕ್ಕೂ ಒಂದೇ ಉತ್ತರ. ನನ್ನ ಮೆಫಿಸ್ಟೋ ಹಾಗಿರಲಿಲ್ಲ. ಅವನಿಲ್ಲದೆ ಅರ್ಥ ಆಗದಂಥದ್ದು ‘ವಾಂಡಾವಿಷನ್’ನಲ್ಲಿ ಏನೂ ಇರಲಿಲ್ಲ. ದುಃಖ ತಡೆಯಲಾಗದ ಹೆಂಗಸು, ಕೈಯಲ್ಲಿ ಶಕ್ತಿ. ಅಷ್ಟೇ ಸಾಕಿತ್ತು.

ಹಾಗಾಗಿ ಥಿಯರಿ ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ತೆಗೆದುಹಾಕಿದರೆ ಕತೆಯಲ್ಲಿ ಯಾವ ತೂತು ಉಳಿಯುತ್ತದೆ? ಮುಂದೆ ಏನು ಆದರೆ ನನ್ನದು ತಪ್ಪು ಅಂತ ಒಪ್ಪುತ್ತೇನೆ? ಎರಡನೆಯದರ ಉತ್ತರವನ್ನು ಬರಹದೊಳಗೇ ಬರೆಯಿರಿ. ಓದುವವರು ಅದಕ್ಕೇ ನಂಬುತ್ತಾರೆ. ಸೋರಿಕೆಯಾದ ಸ್ಕ್ರಿಪ್ಟ್ ಓದಿ ಅದನ್ನು ಥಿಯರಿ ಅಂತ ಬರೆಯುವುದು ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡ ಹಾಗೆ. ಅದರ ಬಗ್ಗೆ ಹೇಳಲು ಬೇರೇನಿಲ್ಲ.

ಹೆಜ್ಜೆ 8: ಕನ್ನಡದಲ್ಲಿ ಕೂರಿಸುವುದು

ಇಲ್ಲಿ ನಮಗೇ ಅಂತ ಕೆಲವು ತಲೆನೋವುಗಳಿವೆ.

ಮೊದಲನೆಯದು ಅವನು, ಅವರು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಾಟ ಇಲ್ಲ. ನನ್ನ ನಿಯಮ: ಪಾತ್ರಕ್ಕೆ ಅವನು, ಅವಳು, ನಟರಿಗೆ ಅವರು. ಟಿರಿಯನ್ ಬಂದ, ಪೀಟರ್ ಡಿಂಕ್ಲೇಜ್ ನಟಿಸಿದ್ದಾರೆ. ಇದರಲ್ಲಿ ಒಂದು ಲಾಭವೂ ಇದೆ. ಪಾತ್ರಕ್ಕೂ ನಟರಿಗೂ ನಡುವೆ ಗೆರೆ ತಾನಾಗಿ ಬೀಳುತ್ತದೆ. ‘ಅವಳ ಮೇಲೆ ನನಗೆ ಸಿಟ್ಟು’ ಅಂದರೆ ಸೆರ್ಸಿ ಮೇಲೆ, ಲೀನಾ ಹೀಡಿ ಅವರ ಮೇಲಲ್ಲ. ವಯಸ್ಸಾದ ಪಾತ್ರಗಳ ವಿಷಯಕ್ಕೆ ಬಂದರೆ ಕೈ ನಡುಗುತ್ತದೆ. ‘ಲಾರ್ಡ್ ಆಫ್ ದ ರಿಂಗ್ಸ್’ನ ಗ್ಯಾಂಡಾಲ್ಫ್‌ನನ್ನು ‘ಅವನು’ ಅನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಅವರು ಅಂತಲೇ ಬರೆಯುತ್ತೇನೆ. ಯಾರೂ ಆಕ್ಷೇಪಿಸಿಲ್ಲ.

ಹೆಸರುಗಳನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ. ಡೆನೆರಿಸ್ ಅಂತ ಶುರು ಮಾಡಿ ಮೂರನೇ ಪ್ಯಾರಾದಲ್ಲಿ ಡೇನೇರಿಸ್ ಆದರೆ ಓದುವವರಿಗೆ ಇಬ್ಬರು ರಾಣಿಯರು ಕಾಣಿಸುತ್ತಾರೆ.

ಆಮೇಲೆ ಡೈಲಾಗ್. ಸ್ಟಾರ್ಕ್ ಮನೆತನದ ಧ್ಯೇಯವಾಕ್ಯವನ್ನು ‘ಚಳಿಗಾಲ ಬರುತ್ತಿದೆ’ ಅಂತ ಅನುವಾದ ಮಾಡಿ ನೋಡಿ. ಪದಗಳು ಸರಿ, ಭಯ ಎಲ್ಲಿ? ಬೆಂಗಳೂರಿನವರಿಗೆ ಚಳಿಗಾಲ ಅಂದರೆ ಅವರೆಕಾಯಿ, ಸ್ವೆಟರ್, ಬಿಸಿ ಕಾಫಿ. ಅಲ್ಲಿ ವರ್ಷಗಟ್ಟಲೆ ಮುಗಿಯದ ಹಿಮ, ಹಸಿವು, ಸಾವು. ‘ಕೇಡುಗಾಲ’ ಅಂದರೆ ಹತ್ತಿರ ಬರುತ್ತದೆ, ಆದರೆ ಹಿಮ ಕರಗಿಹೋಗುತ್ತದೆ. ನಾನು ಮೂಲವನ್ನೇ ‘ವಿಂಟರ್ ಈಸ್ ಕಮಿಂಗ್’ ಅಂತ ಬರೆದು, ಒಂದು ಸಾಲಲ್ಲಿ ಆ ಊರಿನ ಚಳಿ ಎಂಥದ್ದು ಅಂತ ಹೇಳಿಬಿಡುತ್ತೇನೆ.

ಅನುವಾದ ಕೈ ಎತ್ತಿಬಿಡುವ ಜಾಗ ಹೋಡೋರ್. ‘ಗೇಮ್ ಆಫ್ ಥ್ರೋನ್ಸ್’ನ ಆರನೇ ಸೀಸನ್‌ನ ಐದನೇ ಎಪಿಸೋಡ್. ಆ ದೊಡ್ಡ ಮನುಷ್ಯ ಅಲ್ಲಿಯ ತನಕ ಆಡಿದ್ದು ಒಂದೇ ಮಾತು, ‘ಹೋಡೋರ್’. ಅದು ಯಾಕೆ ಅಂತ ಆವತ್ತು ಗೊತ್ತಾಗುತ್ತದೆ. ಹೆಣಗಳ ದಂಡು ಒಳನುಗ್ಗದಂತೆ ಅವನು ಬಾಗಿಲು ಒತ್ತಿ ನಿಂತಿದ್ದಾನೆ. ಮೀರಾ ‘ಹೋಲ್ಡ್ ದ ಡೋರ್’ ಅಂತ ಕೂಗುತ್ತಾಳೆ. ಅದೇ ಹೊತ್ತಿಗೆ ಎಷ್ಟೋ ವರ್ಷ ಹಿಂದೆ, ಹುಡುಗನಾಗಿದ್ದ ಅವನು ನೆಲಕ್ಕೆ ಬಿದ್ದು ಅದನ್ನೇ ಒದರುತ್ತಾನೆ. ಹೋಲ್ಡ್ ದ ಡೋರ್, ಹೋಲ್ದೋರ್, ಹೋಡೋರ್. ಇದನ್ನು ‘ಬಾಗಿಲು ಹಿಡಿ’ ಅಂತ ಬರೆದರೆ ಮುಗಿದೇ ಹೋಯಿತು. ಹಾಗಾಗಿ ಸದ್ದನ್ನೇ ಕನ್ನಡ ಅಕ್ಷರದಲ್ಲಿ ಇಡಿ, ಒಂದೊಂದು ಅಕ್ಷರ ಉದುರುವುದನ್ನು ತೋರಿಸಿ. ಕನ್ನಡದಲ್ಲಿ ಉಚ್ಚರಿಸಿದ್ದನ್ನೇ ಬರೆಯಬಹುದು ಅನ್ನುವುದು ಇಲ್ಲಿ ನಮಗೆ ಅನುಕೂಲವೇ.

ಕತೆಯ ಸಾರಾಂಶ ಐದು ಸಾಲು ದಾಟಬಾರದು. ಮೊದಲ ಸಾಲು ನೇರವಾಗಿ ದೃಶ್ಯದೊಳಗೆ ಇರಲಿ. ‘ಇಂದಿನ ದಿನಗಳಲ್ಲಿ ಸೂಪರ್‌ಹೀರೋ ಸಿನಿಮಾಗಳು ಜಗತ್ತಿನಾದ್ಯಂತ ಜನಪ್ರಿಯವಾಗಿವೆ’ ಅಂತ ಶುರುವಾದ ಬರಹವನ್ನು ನಾನು ಮುಂದೆ ಓದಿದ್ದು ಕಡಿಮೆ. ‘ಸುತ್ತಿಗೆ ಅಲುಗಿತು. ಥಾರ್ ನಗುವುದನ್ನು ನಿಲ್ಲಿಸಿದ’ ಅಂತ ಶುರು ಮಾಡಿ, ಓದದೆ ಹೇಗೆ ಬಿಡುತ್ತಾರೆ ನೋಡೋಣ.

ಹೆಜ್ಜೆ 9: ಬೈಯುವುದಿದ್ದರೆ ಲೆಕ್ಕ ಇಟ್ಟು ಬೈಯಿರಿ

‘ಗೇಮ್ ಆಫ್ ಥ್ರೋನ್ಸ್’ನ ಎಂಟನೇ ಸೀಸನ್‌ಗೆ ಬಿದ್ದಷ್ಟು ಬೈಗುಳ ಇನ್ನೊಂದಕ್ಕೆ ಬಿದ್ದಿರಲಿಕ್ಕಿಲ್ಲ. ನಾನೂ ಬೈದಿದ್ದೇನೆ. ಆದರೆ ಬೈಯುವುದರಲ್ಲೂ ಕಾಳು ಯಾವುದು ಜೊಳ್ಳು ಯಾವುದು ನೋಡಬೇಕು. ನಾಲ್ಕನೇ ಎಪಿಸೋಡ್‌ನಲ್ಲಿ ಮೇಜಿನ ಮೇಲೆ ಮರೆತು ಉಳಿದ ಕಾಫಿ ಕಪ್ ಜೊಳ್ಳು. ನಗಬಹುದು, ವಾದ ಮಾಡಲಾಗುವುದಿಲ್ಲ. ಆಮೇಲೆ ಅದನ್ನು ಅಳಿಸಿಯೂ ಹಾಕಿದರು. ಮೂರನೇ ಎಪಿಸೋಡ್ ಕತ್ತಲೋ ಕತ್ತಲು ಅನ್ನುವುದು ಅರ್ಧ ಕಾಳು. ಕ್ಯಾಮೆರಾ ಹಿಡಿದ ಫೇಬಿಯನ್ ವ್ಯಾಗ್ನರ್ ಅವರು ನೋಡುವವರ ಟಿವಿ ಸೆಟ್ಟಿಂಗ್ ಕಡೆ ಬೆರಳು ತೋರಿಸಿದರು. ನೀವು ಬರೆಯುವ ಮೊದಲು ರೂಮಿನ ದೀಪ ಆರಿಸಿ, ಒಳ್ಳೆ ಪರದೆಯಲ್ಲಿ ಒಮ್ಮೆ ನೋಡಿ. ನಾನು ನೋಡಿದೆ. ಆಗಲೂ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅಂತ ತಿಳಿಯಲಿಲ್ಲ. ಈಗ ಧೈರ್ಯವಾಗಿ ಬರೆಯಬಹುದು.

ಐದನೇ ಎಪಿಸೋಡ್‌ನಲ್ಲಿ ಡೆನೆರಿಸ್ ಶರಣಾದ ಊರನ್ನು ಸುಡುತ್ತಾಳೆ. ‘ಅವಳು ಹಾಗೆ ಮಾಡುವವಳೇ ಅಲ್ಲ’ ಅಂತ ಬರೆದವರು ಹಿಂದಕ್ಕೆ ನಡೆದಿಲ್ಲ. ಮೊದಲ ಸೀಸನ್‌ನಲ್ಲಿ ಸ್ವಂತ ಅಣ್ಣನ ತಲೆಗೆ ಕರಗಿದ ಚಿನ್ನ ಸುರಿಯುವಾಗ ಕಣ್ಣು ಮಿಟುಕಿಸದೆ ನಿಂತವಳು ಅವಳು. ಮೀರೀನ್ ಅನ್ನುವ ಊರಿನಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ 163 ಒಡೆಯರನ್ನು ಶಿಲುಬೆಗೆ ಹೊಡೆಸಿದಳು. ಏಳನೇ ಸೀಸನ್‌ನಲ್ಲಿ ಟಾರ್ಲಿ ಅಪ್ಪ, ಮಗನನ್ನು ಡ್ರ್ಯಾಗನ್ ಬೆಂಕಿಯಲ್ಲಿ ಸುಟ್ಟಳು. ಬೀಜ ಬಿತ್ತಿದ್ದರು. ಹಾಗಾದರೆ ತಪ್ಪೆಲ್ಲಿ? ಎಣಿಸಿ ನೋಡಿ: ಮೊದಲ ಆರು ಸೀಸನ್‌ಗಳಲ್ಲಿ ತಲಾ 10 ಎಪಿಸೋಡ್, ಏಳರಲ್ಲಿ 7, ಎಂಟರಲ್ಲಿ 6. ಒಟ್ಟು 73. ಬಿತ್ತನೆಗೆ ಅರವತ್ತು ಎಪಿಸೋಡ್ ಕೊಟ್ಟವರು ಕಟಾವಿಗೆ ಅವಸರ ಮಾಡಿದರು. ಬೆಳೆ ಇತ್ತು, ಹಣ್ಣಾಗಲು ಬಿಡಲಿಲ್ಲ. ನನ್ನ ದೂರು ಇಷ್ಟು. ನೀವು ಒಪ್ಪದಿದ್ದರೂ ಎಲ್ಲಿ ಒಪ್ಪುವುದಿಲ್ಲ ಅಂತ ಬೆರಳಿಟ್ಟು ತೋರಿಸಬಹುದು. ಬೈಗುಳ ಹಾಗಿರಬೇಕು.

ನಟರ ರೂಪ, ಮೈಕಟ್ಟು, ಮನೆ ವಿಷಯಕ್ಕೆ ಹೋಗಲೇಬೇಡಿ. ‘ಬ್ರೇಕಿಂಗ್ ಬ್ಯಾಡ್’ನಲ್ಲಿ ಸ್ಕೈಲರ್ ಪಾತ್ರ ಮಾಡಿದ ಆನಾ ಗನ್ ಅವರು 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಲೇಖನ ಬರೆದು, ಪಾತ್ರದ ಮೇಲಿನ ದ್ವೇಷ ತಮ್ಮ ಮೇಲೇ ಹರಿದು ಬಂದದ್ದನ್ನು ಹೇಳಿಕೊಂಡರು. ಗಂಡ ಮಾದಕ ವಸ್ತು ಬೇಯಿಸುತ್ತಾನೆ, ಬೇಡ ಅಂದ ಹೆಂಡತಿಗೆ ಬೈಗುಳ!

ಹೆಜ್ಜೆ 10: ಹಾಕುವ ಮೊದಲು, ಹಾಕಿದ ಮೇಲೆ

ಒಂದು ರಾತ್ರಿ ಇಟ್ಟುಕೊಳ್ಳಿ. ಬೆಳಿಗ್ಗೆ ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ವಾಕ್ಯ ಒಡೆಯಿರಿ. ಎಪಿಸೋಡ್ ನಂಬರ್, ವರ್ಷ, ಯಾರು ಯಾರಿಗೆ ಹೇಳಿದ್ದು, ಇಷ್ಟನ್ನು ಮತ್ತೊಮ್ಮೆ ಪರದೆ ಮುಂದಿಟ್ಟುಕೊಂಡು ತಾಳೆ ನೋಡಿ. ನೆನಪನ್ನು ನಂಬಬೇಡಿ. ಸುತ್ತಿಗೆ ದೃಶ್ಯದಲ್ಲಿ ಥಾರ್ ಎದ್ದು ನಿಂತಿದ್ದ ಅಂತ ನಾನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೆ. ಸ್ಟೀವ್ ಎಳೆಯುವಾಗ ಅವನು ಕೂತಿರುತ್ತಾನೆ.

ಹಾಕಿದ ಮೇಲೆ ಯಾರಾದರೂ ತಪ್ಪು ತೋರಿಸಿದರೆ ಸದ್ದಿಲ್ಲದೆ ಅಳಿಸಬೇಡಿ. ಮೇಲೆ ಒಂದು ಸಾಲು ಸೇರಿಸಿ: ಇಂಥ ಜಾಗದಲ್ಲಿ ಹೀಗೆ ಬರೆದಿದ್ದೆ, ಅದು ಹೀಗಲ್ಲ. ನನ್ನ ಮೆಫಿಸ್ಟೋ ಬರಹ ಇನ್ನೂ ಹಾಗೇ ಇದೆ. ತಲೆಬರಹದ ಕೆಳಗೆ ‘ಇವನು ಬರಲಿಲ್ಲ’ ಅಂತ ಸೇರಿಸಿದ್ದೇನೆ. ನಾನು ಬರೆದದ್ದರಲ್ಲಿ ಜನ ಅತಿ ಹೆಚ್ಚು ಓದಿರುವುದು ಅದನ್ನೇ.